ಪ್ಲೇಟಿನ ಮೊದಲ ಮಗ್ಗಲು

ಆಗ ನನಗೆ ಐವತ್ತೆಂಟು. ಅದಾಗಿ ಇಪ್ಪತ್ತೈದು ವರ್ಷದ ಮೇಲಾಯಿತು. ನನ್ನ ತಮ್ಮನಿಗೆ ಮದುವೆಯಾಗಿಲ್ಲ ಎಂದು ಇಡೀ ಬಳಗ ಕೊರಗುತ್ತಿತ್ತು. ನಾನು ಅಮೆರಿಕಕ್ಕೆ ಹೋಗಿ ಕಣ್ಣಾರೆ ನೋಡಿದೆ. ಸುಳ್ಳು. ಅವನಿಗೆ ಒಬ್ಬಳಿದ್ದಳು. ಮಿರಿಮಿರಿ ಮಿಂಚುವ ಕಪ್ಪು ಮೈ, ನಟ್ಟನಡುವೆ ಕುಂಕುಮ ಇಟ್ಟ ಹಾಗೆ ಕೆಂಪು ಕಾಗದ, ಹೊದೆಯಲು ಒಂದರ ಮೇಲೊಂದು ಎರಡು ಹೊದಿಕೆ. ನೆಲಮಾಳಿಗೆಯಲ್ಲಿ ವಾಸ. ಶುಕ್ರವಾರ ಸಂಜೆಗೊಮ್ಮೆ ಬಾಯಿ ಬಿಡುತ್ತಿದ್ದಳು. ಗ್ರಾಮಫೋನ್ ಪ್ಲೇಟು!

ನಾನು ಹೋದದ್ದೇ ಅವನಿಗೊಂದು ಮದುವೆ ಮಾಡಿಸಿ ಬರೋಣ ಎಂದು. ನನ್ನ ಗಂಡ ತೀರಿಕೊಂಡಿದ್ದ. ಮಕ್ಕಳಿಲ್ಲ. ಅಳುವುದೂ ಮುಗಿದು ಕೈಗೆ ಕೆಲಸವಿರಲಿಲ್ಲ. ಆರು ತಿಂಗಳ ವೀಸಾ ಸಿಕ್ಕಿತು. ಐವತ್ತು ದಾಟಿದ ಗಂಡಿಗೆ ಹೆಣ್ಣು ಹುಡುಕಲು ಆರು ತಿಂಗಳು ಸಾಕೇ ಎಂದು ನೀವು ಕೇಳಬಹುದು. ಎಮ್ಮೆ ಕೊಳ್ಳಲಿಕ್ಕೂ ಅಷ್ಟು ದಿನ ಬೇಕಾಗುವುದಿಲ್ಲ ಎಂದೇ ನಾನು ತಿಳಿದಿದ್ದೆ.

ಅದು ನ್ಯೂಜೆರ್ಸಿಯ ತುಂಬ ನಮ್ಮ ಕಂಪ್ಯೂಟರ್ ಹುಡುಗರು ಬಂದಿಳಿಯುತ್ತಿದ್ದ ಕಾಲ. ಎರಡು ಸಾವಿರನೇ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳ ತಲೆ ಕೆಡುತ್ತದೆಂದು ಅಲ್ಲಿಯವರು ಹೆದರಿ, ವಿಮಾನಗಟ್ಟಲೆ ಜನರನ್ನು ತರಿಸಿಕೊಂಡಿದ್ದರು. ನನ್ನ ತಮ್ಮನ ತಲೆ ಅದಕ್ಕೂ ಇಪ್ಪತ್ತೈದು ವರ್ಷ ಮೊದಲೇ ಕೆಟ್ಟಿತ್ತು. ಅದರ ರಿಪೇರಿಗೆ ಬಂದವಳು ನಾನೊಬ್ಬಳೇ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾಲಿನ ಹರಡಿನವರೆಗೆ ಇಳಿಬಿದ್ದ ಚರ್ಮದ ಕೋಟು, ಕಪ್ಪು ಕನ್ನಡಕ, ವಾರೆ ಟೋಪಿ ಹಾಕಿದ ಒಬ್ಬ ಮನುಷ್ಯ ನಿಂತಿದ್ದ. ಮೇ ತಿಂಗಳ ಸೆಕೆ. ನಾನು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದೆ. ಪೊಲೀಸನಿರಬೇಕು, ನನ್ನ ಶೇಂಗಾ ಚಟ್ನಿ ಕಸಿದುಕೊಳ್ಳಲು ಬಂದಿರಬೇಕು ಎಂದುಕೊಂಡು ಚೀಲವನ್ನು ಹಿಂದಕ್ಕೆ ಸರಿಸಿದೆ. ಅವನು ಒಂದು ಹೆಗಲನ್ನು ಇಳಿಸಿ, ಕಾರಹುಣ್ಣಿಮೆಯ ಹೋರಿಯ ಹಾಗೆ ನಿಧಾನಕ್ಕೆ ನಡೆದು ಬಂದ.

"ಅಕ್ಕಾ, ಆರಾಮೇನು?" ಎಂದ.

"ಕಾಲಿಗೇನಾಗೇತೋ ನಿನಗ?" ಎಂದೆ.

"ಏನೂ ಆಗಿಲ್ಲ. ನಾ ನಡಿಯೋದೇ ಹಿಂಗ."

ಅವನ ಮನೆ ಮೆಟುಚೆನ್‌ನಲ್ಲಿ, ರೈಲು ನಿಲ್ದಾಣಕ್ಕೆ ಕೂಗಳತೆಯಲ್ಲಿತ್ತು. ನಾಲ್ಕು ಮಲಗುವ ಕೋಣೆ, ಒಬ್ಬ ಮನುಷ್ಯ. ಮೂರು ಹಾಸಿಗೆಗಳ ಮೇಲೆ ಯಾರೂ ಒಂದು ದಿನವೂ ಮಲಗಿರಲಿಲ್ಲ. ಆದರೂ ತಿಂಗಳಿಗೊಮ್ಮೆ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದ. ಯಾಕೋ ಎಂದು ಕೇಳಿದರೆ, "ಯಾರರ ಬಂದರ?" ಎನ್ನುತ್ತಿದ್ದ. ಅವನು ಆ ದೇಶಕ್ಕೆ ಹೋದ ಇಪ್ಪತ್ತೇಳು ವರ್ಷದಲ್ಲಿ ಉಳಿಯಲು ಬಂದವಳು ನಾನೇ ಮೊದಲು.

ನೆಲಮಾಳಿಗೆಯ ಕಥೆ ಬೇರೆ. ಅಲ್ಲಿ ಒಂದು ಪ್ಲೇಟು ಹಾಕುವ ಯಂತ್ರ, ಆಳೆತ್ತರದ ಎರಡು ಸ್ಪೀಕರು, ಒಂದು ಕುರ್ಚಿ. ಶುಕ್ರವಾರ ಕೆಲಸದಿಂದ ಬಂದವನೇ ಮೊಣಕೈವರೆಗೆ ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದ. ನಮ್ಮ ಅವ್ವ ಲಿಂಗದ ವಸ್ತ್ರ ಬಿಚ್ಚುತ್ತಿದ್ದ ಭಕ್ತಿಯಲ್ಲಿ ಹೊದಿಕೆ ಬಿಚ್ಚಿ, ಪ್ಲೇಟಿನ ಅಂಚನ್ನು ಎರಡು ಅಂಗೈಯಲ್ಲಿ ಹಿಡಿದು ಇಳಿಸುತ್ತಿದ್ದ. ಮುಳ್ಳು ಇಟ್ಟ ಮೇಲೆ ಆ ಮಗ್ಗಲು ಮುಗಿಯುವ ತನಕ ಏಳಬಾರದು, ಮಾತಾಡಬಾರದು. ಇದು ನಿಯಮ.

"ಮನಿಗೆ ಬೆಂಕಿ ಬಿದ್ದರ?" ಎಂದು ಕೇಳಿದೆ.

"ಮಗ್ಗಲು ಮುಗಿಯೂತನ ಬೀಳಂಗಿಲ್ಲಕ್ಕಾ."

ನಾನು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ಮೊದಲು ತಾಳ ಕುಟ್ಟಿದ ಸದ್ದು. ಆಮೇಲೆ ಗಿಟಾರು, ತತ್ತಿ ಇಟ್ಟ ಕೋಳಿ ಅಂಗಳದಲ್ಲಿ ಸುತ್ತಿದ ಹಾಗೆ ವಕವಕ ವಕವಕ. ಆಮೇಲೆ ಕಹಳೆಗಳು. ಎಲ್ಲಾ ಮುಗಿಯಿತು ಎನ್ನುವಷ್ಟರಲ್ಲಿ ಒಬ್ಬ ಗಂಡಸು ಹೊಟ್ಟೆಯ ತಳದಿಂದ ದನಿ ಎತ್ತಿ, ಹೊಸ್ತಿಲಾಚೆ ನಿಂತು ಬಾಗಿಲು ತೆಗೆ ಎಂದು ಬೇಡಿಕೊಳ್ಳುವವನ ಹಾಗೆ ಹಾಡುತ್ತಿದ್ದ. ಇದನ್ನು ಅಲ್ಲಿ ಸೋಲ್ ಸಂಗೀತ ಎನ್ನುತ್ತಾರಂತೆ, ಆತ್ಮದ್ದಂತೆ. ಮಾತು ತಿಳಿಯದಿದ್ದರೂ ಅವನು ಬೇಡುವುದು ನನಗೆ ತಿಳಿಯುತ್ತಿತ್ತು. ಬಾಗಿಲು ಯಾರೂ ತೆಗೆಯುತ್ತಿರಲಿಲ್ಲ ಎಂಬುದೂ ತಿಳಿಯುತ್ತಿತ್ತು.

"ಇನ್ನೊಂದು ಕುರ್ಚಿ ತರಬಾರದೇನೋ? ಮೆಟ್ಟಲು ಒತ್ತತೈತಿ," ಎಂದು ಒಮ್ಮೆ ಹೇಳಿದೆ.

"ಯಾರು ಕೂಡಬೇಕಕ್ಕಾ ಅದರಾಗ?"

"ನಾ ಏನು ನಿಂತು ಹುಟ್ಟೀನೇನು?"

"ನೀ ಹೋಗಾಕಿ," ಎಂದ. ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದ.

ಒಂದು ಶುಕ್ರವಾರ ನಾನು ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಕೆಳಗೆ ಪ್ಲೇಟು ಶುರುವಾಯಿತು. ನೆಲದ ಹಲಗೆಗಳಿಂದ ಅದರ ಪೆಟ್ಟು ಕಾಲಿಗೆ ಏರುತ್ತಿತ್ತು. ನನಗೇ ಗೊತ್ತಿಲ್ಲದೆ ನನ್ನ ಕೈ ಅದರ ಜೊತೆ ಸೇರಿಕೊಂಡಿತು. ಪಟ್ ಪಟ್, ಪಟಪಟ ಪಟ್. ನಲವತ್ತು ವರ್ಷದಲ್ಲಿ ಅಷ್ಟು ತೆಳ್ಳನೆಯ ರೊಟ್ಟಿ ನಾನು ಬಡಿದಿರಲಿಲ್ಲ. ಮಗ್ಗಲು ಮುಗಿದ ಮೇಲೆ ಅವನು ಮೆಟ್ಟಿಲ ತಲೆಗೆ ಬಂದು ನಿಂತ. ಹೊಗಳುತ್ತಾನೆ ಎಂದುಕೊಂಡೆ.

"ಅಕ್ಕಾ, ಮೂರನೇ ಹಾಡಿನ್ಯಾಗ ನೀ ತಾಳ ತಪ್ಪಿದಿ."

"ಮೂರನೇ ಹಾಡಿನ್ಯಾಗ ಕೈ ಸುಟ್ಟಿತ್ತೋ, ಮೂಳ!"

ಕನ್ನಡ ಕೂಟದ ಹುಡುಗನೊಬ್ಬ ಒಮ್ಮೆ ಮನೆಗೆ ಬಂದಿದ್ದ, ಕಂಪ್ಯೂಟರಿನವನು. ಪ್ಲೇಟು ನೋಡಿ ಅವನಿಗೆ ನಗು. "ಅಂಕಲ್, ಇಷ್ಟೆಲ್ಲ ಹಾರ್ಡ್‌ವೇರ್ ಯಾಕೆ ಇಟ್ಕೊಂಡಿದೀರಾ? ನಾನು ಸಿಡಿಗೆ ಕನ್ವರ್ಟ್ ಮಾಡ್ಕೊಡ್ತೀನಿ. ಕಾರಲ್ಲಿ ಡ್ರೈವ್ ಮಾಡ್ತಾ ಕೇಳ್ಬಹುದು," ಎಂದ. ತಮ್ಮ ಅವನಿಗೆ ಹೇಳಿದ: "ನಾಳೆ ನಿಮ್ಮವ್ವ ಮಾಡಿದ ಊಟಾನ ಗುಳಿಗಿ ಮಾಡಿ ಕೊಡ್ತೀನಿ, ಡ್ರೈವ್ ಮಾಡ್ತಾ ನುಂಗು." ಹುಡುಗ ಮತ್ತೆ ಬರಲಿಲ್ಲ. ಬರುವವರನ್ನು ನನ್ನ ತಮ್ಮ ಹೀಗೆ ಓಡಿಸುತ್ತಿದ್ದ. ಆಮೇಲೆ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದ.

ಆ ಪ್ಲೇಟು ಒಂದು ಸಿನಿಮಾದ್ದು. ಎಪ್ಪತ್ತರ ಸುಮಾರಿಗೆ ಅಲ್ಲಿ ಕಪ್ಪು ಜನರೇ ಹೀರೋ ಆಗಿ, ಕಪ್ಪು ಜನರೇ ತುಂಬಿ ಕೂತು ನೋಡುತ್ತಿದ್ದ ಹೊಡೆದಾಟದ ಸಿನಿಮಾಗಳು ಸಾಲುಸಾಲಾಗಿ ಬಂದವಂತೆ. ಅದರಲ್ಲಿ ಇದೊಂದು. ವಿಡಿಯೋ ಟೇಪು ಹಾಕಿ ನನಗೂ ತೋರಿಸಿದ. ಹೀರೋ ಜೈಲಿನಿಂದ ಬಿಡುಗಡೆಯಾಗಿ, ಹಿಮ ಬಿದ್ದ ಸೇತುವೆಯ ಮೇಲೆ ಒಬ್ಬನೇ ನಡೆದು ಬರುತ್ತಾನೆ. ಹುಣಸೆಮರದ ನೆತ್ತಿಯ ಹಾಗೆ ದುಂಡಗೆ ಬೆಳೆದ ಕೂದಲು, ಗಂಟೆಯ ಹಾಗೆ ಅರಳಿದ ಪ್ಯಾಂಟು, ಉದ್ದನೆಯ ಚರ್ಮದ ಕೋಟು. ಎಲ್ಲೋ ನೋಡಿದ ಕೋಟು ಎನಿಸಿತು. ನಡಿಗೆಯೂ ನೋಡಿದ್ದೇ. ಅವನ ಓಣಿಯ ಮಕ್ಕಳಿಗೆ ಯಾರೋ ವಿಷದ ಪುಡಿ ಮಾರುತ್ತಿರುತ್ತಾರೆ. ಇವನು ಒಬ್ಬೊಬ್ಬರನ್ನೇ ಹುಡುಕಿ ಕುಟ್ಟುತ್ತಾನೆ. ಮೂವರು ಹೆಂಗಸರು ಇವನ ಮೇಲೆ ಮನಸ್ಸು ಮಾಡುತ್ತಾರೆ. ಇವನು ಯಾರ ಮನೆಯಲ್ಲೂ ಬೆಳಗಿನ ತನಕ ನಿಲ್ಲುವುದಿಲ್ಲ.

"ಜೈಲಿಂದ ಕರಕೊಂಡು ಹೋಗಾಕ ಯಾರೂ ಬಂದಿಲ್ಲೇನು ಇವಗ?" ಎಂದೆ.

"ಇಲ್ಲಕ್ಕಾ."

"ಅವ್ವ ಎಲ್ಲಿ?"

"ತೋರಿಸಿಲ್ಲ."

"ಊಟ ಯಾವಾಗ ಮಾಡ್ತಾನ?"

ತಮ್ಮ ಟೇಪು ನಿಲ್ಲಿಸಿದ. ಅದೆಷ್ಟು ಸಲ ನೋಡಿದ್ದನೋ ಲೆಕ್ಕವಿಲ್ಲ. ಬಾಯಿ ತೆರೆದು ಚಾವಣಿ ನೋಡುತ್ತ ಇಡೀ ಸಿನಿಮಾ ಮನಸ್ಸಿನಲ್ಲೇ ಓಡಿಸಿದ. "ಉಂಡೇ ಇಲ್ಲಕ್ಕಾ ಇಂವ," ಎಂದ.

"ಮತ್ತ ಸಿಟ್ಟು ಬರದ ಏನಾಗತೈತಿ? ಒಂದು ತುತ್ತು ಹಾಕಿದ್ದರ ಅಷ್ಟು ಮಂದಿ ಸಾಯ್ತಿದ್ದಿಲ್ಲ."

ಅವನು ನಕ್ಕ. ಆಮೇಲೆ ನಾನು ಕೇಳದೇ ಇದ್ದದ್ದನ್ನು ಹೇಳಿದ. ಬಂದ ಹೊಸತರಲ್ಲಿ ಅವನು ನ್ಯೂವರ್ಕ್‌ನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದನಂತೆ. ಚಳಿಗಾಲ. ಕೆಲಸಕ್ಕೆ ಸೇರಿದ ಫ್ಯಾಕ್ಟರಿಯಲ್ಲಿ ಯಾರಿಗೂ ಅವನ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲವಾದ್ದರಿಂದ ಯಾರೂ ಕರೆಯುತ್ತಲೇ ಇರಲಿಲ್ಲ. ಬೀದಿಯಲ್ಲಿ ನಡೆಯಲು ಹೆದರಿಕೆ, ಗೋಡೆಗೆ ಮೈ ತಾಗಿಸಿಕೊಂಡು ಓಡುತ್ತಿದ್ದನಂತೆ. ಒಂದು ಭಾನುವಾರ ಚಳಿ ತಡೆಯಲಾರದೆ, ಬೆಚ್ಚಗಿರುತ್ತದೆಂದು ಸಿನಿಮಾ ಥಿಯೇಟರಿಗೆ ನುಗ್ಗಿದ. ಒಳಗೆ ನಮ್ಮ ದೊಡ್ಡಾಟದ ಹಾಗೆಯೇ ಗದ್ದಲ. ಮಕ್ಕಳು ಮರಿ, ಅಜ್ಜಿಯರು, ಸಿಳ್ಳೆ, ಪರದೆಯ ಮೇಲಿನವನಿಗೆ ಹಿಂದೆ ನೋಡೋ ಎಂದು ಬುದ್ಧಿ ಹೇಳುವವರು. ಪಕ್ಕದಲ್ಲಿ ಕೂತ ಕಪ್ಪು ಮುದುಕಿ ಇವನ ತೊಡೆಯ ಮೇಲೆ ತನ್ನ ಪಾಪ್‌ಕಾರ್ನ್ ಡಬ್ಬಿ ಇಟ್ಟು, ತಿನ್ನು ಎಂದು ಸನ್ನೆ ಮಾಡಿದಳಂತೆ. ಪರದೆಯ ಮೇಲೆ ಆ ಮನುಷ್ಯ ಸೇತುವೆ ದಾಟುತ್ತಿದ್ದ.

"ಅವನ್ನ ಕರಿಯಾಕ ಯಾರೂ ಬಂದಿದ್ದಿಲ್ಲ, ಖರೇ. ಆದರ ಒಬ್ಬನ ನಡಿಗಿಗೆ ಎಷ್ಟು ಮಂದಿ ಬಾರಿಸಾಕತ್ತಿದ್ರು ಅಕ್ಕಾ! ಮರುದಿನದಿಂದ ನಾನೂ ನಡುರಸ್ತೆದಾಗ ಹಂಗ ನಡದೆ. ತಲಿಯಾಗ ಆ ಬಾಜಾ ಬಾರಿಸಕೊಂತ." ಸಂಬಳ ಬಂದಾಗ ಮೊದಲು ಕೊಂಡದ್ದು ಪ್ಲೇಟು. ಅದನ್ನು ಹಾಕುವ ಯಂತ್ರ ಕೊಳ್ಳಲು ಮತ್ತೊಂದು ವರ್ಷ ಬೇಕಾಯಿತಂತೆ. ಆ ವರ್ಷವೆಲ್ಲ ಪ್ಲೇಟನ್ನು ಸುಮ್ಮನೆ ಎದುರಿಗಿಟ್ಟುಕೊಂಡು ಕೂರುತ್ತಿದ್ದ. ನನ್ನ ತಮ್ಮನ ಶಾಣ್ಯಾತನ ಇದು.

ನಾನಿದ್ದಾಗಲೂ ದಿನಾ ಸಂಜೆ ಕೋಟು ಹಾಕಿಕೊಂಡು ನಿಲ್ದಾಣದ ಕಡೆ ನಡೆಯುತ್ತಿದ್ದ. ಆ ಹೊತ್ತಿಗೆ ನ್ಯೂಯಾರ್ಕಿನ ರೈಲು ಬಂದು, ಬೆನ್ನಿಗೆ ಚೀಲ ಕಟ್ಟಿಕೊಂಡ ನೂರಾರು ಜನ ತಲೆ ತಗ್ಗಿಸಿ ಹೊರಗೆ ಬರುವರು. ಇವನು ತಲೆ ಎತ್ತಿ ಅವರ ಎದುರಿಗೆ ಹೋಗುವನು. ಹಿಂದೆ ನಾನು, ಇಳಕಲ್ ಸೀರೆ, ಕಾಲಲ್ಲಿ ಅವನು ಕೊಡಿಸಿದ ಬಿಳಿ ಬೂಟು. ಜನ ದಾರಿ ಬಿಡುತ್ತಿದ್ದರು. ನಾನು ಯಾವುದೋ ದೇಶದ ರಾಣಿ, ಇವನು ನನ್ನ ಕಾವಲುಗಾರ ಎಂದುಕೊಂಡಿರಬೇಕು. ಅವರಲ್ಲಿ ಒಬ್ಬರೂ ಇವನಿಗೆ ನಮಸ್ಕಾರ ಎನ್ನುತ್ತಿರಲಿಲ್ಲ. ಇಷ್ಟು ವರ್ಷ ಅದೇ ನಿಲ್ದಾಣದ ಮುಂದೆ ನಡೆದವನು!

ಗಣೇಶನ ಹಬ್ಬ ಬಂತು. ಕನ್ನಡ ಕೂಟದವರು ಶಾಲೆಯೊಂದರ ಹಾಲ್ ಹಿಡಿದಿದ್ದರು. ಗಣಪತಿಯನ್ನು ಒಳಗೆ ತರುವಾಗ ಹಾಕಬೇಕಾದ ನಾದಸ್ವರದ ಕ್ಯಾಸೆಟ್ಟು ಕೈಕೊಟ್ಟಿತು. ಸ್ಪೀಕರು ಹೊತ್ತು ತಂದಿದ್ದವನು ನನ್ನ ತಮ್ಮ. ಸ್ಪೀಕರಿನ ಜೊತೆ ಅವನು ಏನೇನು ತಂದಿದ್ದ ಎಂದು ಯಾರೂ ಕೇಳಿರಲಿಲ್ಲ. ಏಕದಂತ ವಕವಕ ವಕವಕ ಎಂದು ಒಳಗೆ ಬಂದ. ಅಲ್ಲೇ ಹುಟ್ಟಿದ ಮಕ್ಕಳೆಲ್ಲ ಕುಣಿದರು. ಅರ್ಚಕರೂ ಆರತಿ ತಟ್ಟೆಯನ್ನು ಸ್ವಲ್ಪ ತಾಳದಲ್ಲೇ ತಿರುಗಿಸಿದ್ದನ್ನು ನಾನು ನೋಡಿದೆ. ಊಟಕ್ಕೆ ಕೂತಾಗ ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು, ವೀಸಾ, ಮನೆ, ಶೇರು. ತಮ್ಮ ಒಂದು ಮೂಲೆಯಲ್ಲಿ ಪ್ಲೇಟು ಒರೆಸುತ್ತ ನಿಂತಿದ್ದ.

ಆಗ ಹಿಲ್ಸ್‌ಬರೋದ ಒಬ್ಬ ಡಾಕ್ಟರಮ್ಮ ನನ್ನ ಪಕ್ಕ ಬಂದು ಕೂತಳು. "ನೋಡಿ ಅಮ್ಮ, ನಿಮ್ಮ ತಮ್ಮನಿಗೆ ಒಂದು ಒಳ್ಳೆ ಪ್ರಪೋಸಲ್ ಇದೆ. ನಿಮ್ಮ ಕಡೆಯವರೇ, ಬಾಗಲಕೋಟೆ. ಹಸ್ಬೆಂಡ್ ಹೋಗಿಬಿಟ್ರು. ಮಾರಿಸ್‌ಟೌನ್‌ನಲ್ಲಿ ದೊಡ್ಡ ಕೆಲಸ. ಒಬ್ಬರೇ ಇದಾರೆ," ಎಂದಳು. ನನ್ನ ವೀಸಾದಲ್ಲಿ ಒಂದೂವರೆ ತಿಂಗಳು ಉಳಿದಿತ್ತು. ಶನಿವಾರ ಕಳಿಸು ಎಂದೆ.

ಹೆಣ್ಣು ನೋಡಲು ಗಂಡಿನವರು ಹೋಗುವುದು ನಮ್ಮ ಪದ್ಧತಿ. ಇಲ್ಲಿ ಹೆಣ್ಣೇ ಕಾರು ಡ್ರೈವ್ ಮಾಡಿಕೊಂಡು ಬಂತು. ಗಟ್ಟಿಮುಟ್ಟಾದ ಹೆಂಗಸು. ಹಸಿರು ರೇಷ್ಮೆ ಸೀರೆ, ನರೆತ ಕೂದಲಿಗೆ ಬಣ್ಣ ಹಚ್ಚಿರಲಿಲ್ಲ. ನನಗೆ ಹಿಡಿಸಿತು. ಉಪ್ಪಿಟ್ಟು, ಶಿರಾ ಇಟ್ಟೆ. ತಮ್ಮ ಇಸ್ತ್ರಿ ಅಂಗಿ ಹಾಕಿಕೊಂಡು ಟೇಬಲ್ಲಿನ ಅಂಚನ್ನು ನೋಡುತ್ತ ಕೂತ. ಅವಳು ಚಮಚ ನೋಡುತ್ತ ಕೂತಳು. ಎರಡು ಬಂಡೆಗಳ ನಡುವೆ ನಾನು. ಏನು ಮಾಡಲಿ? ರೂಢಿಯ ಮಾತು ಬಾಯಿಗೆ ಬಂತು. "ಒಂದು ಹಾಡು ಅನ್ನವ್ವಾ," ಎಂದೆ.

ಅವಳು ನಕ್ಕುಬಿಟ್ಟಳು. "ಅಕ್ಕಾರ, ನನಗ ಐವತ್ತಾಗಾಕ ಬಂತು. ಹಾಡು ಅನಿಸೋ ವಯಸ್ಸೇನ್ರಿ ಇದು? ಅವರಿಗೇ ಅನ್ನಾಕ ಹೇಳ್ರಿ."

ತಮ್ಮ ತಲೆ ಎತ್ತಿದ. ಎದ್ದ. ಸಿಂಕಿಗೆ ಹೋಗಿ ಮೊಣಕೈವರೆಗೆ ಸಾಬೂನು ಹಚ್ಚತೊಡಗಿದ.

"ಕೆಳಗ ಬರ್ರಿ. ಅಲ್ಲೇ ಕೂತು ಕೇಳಬೇಕು," ಎಂದ ಅವಳಿಗೆ.

ಅವಳು ಮೆಟ್ಟಿಲ ತಲೆಯ ತನಕ ಬಂದು ಬಗ್ಗಿ ನೋಡಿದಳು. ಕಡಿದಾದ ಮೆಟ್ಟಿಲು. "ಇಷ್ಟು ಇಳಿದರ ನನ್ನ ಮೊಣಕಾಲು ತಿರುಗಿ ಮ್ಯಾಲೆ ತರಂಗಿಲ್ರಿ. ನೀವು ಹಾಕ್ರಿ, ನಾ ಇಲ್ಲೇ ಕೇಳ್ತೀನಿ," ಎಂದಳು.

ಅವನು ಎರಡು ಮೆಟ್ಟಿಲು ಇಳಿದು ನಿಂತ. ಒಮ್ಮೆ ಕೆಳಗೆ ನೋಡಿದ, ಒಮ್ಮೆ ತಿರುಗಿ ಅವಳನ್ನು ನೋಡಿದ. ಇಳಿದು ಹೋದ.

ನಿಯಮ ನಿಮಗೆ ಗೊತ್ತೇ ಇದೆ. ಮುಳ್ಳು ಇಟ್ಟ ಮೇಲೆ ಏಳಬಾರದು. ಜಗತ್ತಿನಲ್ಲಿ ಎಲ್ಲಾದರೂ ಕಂಡಿದ್ದೀರಾ, ನೋಡಲು ಬಂದ ಹೆಣ್ಣು ಮೇಲೆ, ಗಂಡು ಪಾತಾಳದಲ್ಲಿ! ನೆಲ ನಡುಗುತ್ತಿತ್ತು. ಲೋಟದ ಚಹಾದಲ್ಲಿ ಸಣ್ಣ ಸಣ್ಣ ತೆರೆ ಏಳುತ್ತಿತ್ತು. ಅವಳು ನಿಜವಾಗಿಯೂ ಕೇಳಿದಳು.

"ಈ ಹಾಡು ಕೇಳಿದರ ಯಾರೋ ಬರಾಕತ್ತಾರ ಅನಸ್ತೈತಿ ನೋಡ್ರಿ," ಎಂದಳು.

"ಯಾರೂ ಬರಂಗಿಲ್ಲವ್ವಾ. ಅಂವ ನಡೀತಾನ, ಅಷ್ಟ."

ಮಗ್ಗಲು ಮುಗಿಯಿತು. ಮನೆ ಒಮ್ಮೆಲೇ ತಣ್ಣಗಾಯಿತು. ಅವಳು ಮೆಟ್ಟಿಲ ಬಾಗಿಲ ಕಡೆ ತಿರುಗಿ ಕೂತಳು. ಸೆರಗು ಸರಿ ಮಾಡಿಕೊಂಡಳು. ಕೆಳಗೆ ಕುರ್ಚಿ ಕಿರ್ ಎಂದಿತು, ಹೆಜ್ಜೆಯ ಸಪ್ಪಳವಾಯಿತು. ಬಂದ ಎಂದುಕೊಂಡೆವು ಇಬ್ಬರೂ. ಆಮೇಲೆ ಟಕ್ ಎಂದು ಸಣ್ಣ ಸದ್ದು. ಎರಡನೇ ಮಗ್ಗಲು ಶುರುವಾಯಿತು.

ಅವಳು ಪರ್ಸು ಎತ್ತಿಕೊಂಡಳು. "ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅವರು ಕೆಟ್ಟವರಲ್ಲ. ಆದರ ಒಬ್ಬಾಕೀನ ಹೆಂಗ ಇರೋದು ಅಂತ ನನಗೂ ಗೊತ್ತೈತಿ. ಅದನ್ನ ಮಾಡಾಕ ಇನ್ನೊಬ್ಬರ ಮನಿಗೆ ಯಾಕ ಬರಬೇಕು ಹೇಳ್ರಿ." ಕುಂಕುಮ ಕೊಟ್ಟೆ. ಗಂಡ ಸತ್ತವಳಿಗೆ ಗಂಡ ಸತ್ತವಳು ಕೊಟ್ಟ ಕುಂಕುಮ. ಹಚ್ಚಿಕೊಂಡು ಹೋದಳು. ಕಾರಿನ ಸದ್ದು ತಿರುವಿನಲ್ಲಿ ಮುಗಿದ ಮೇಲೆ ತಮ್ಮ ಮೇಲೆ ಬಂದ.

"ಹೋದ್ರೇನು?"

"ಹೋದಳು."

"ಎರಡನೇ ಮಗ್ಗಲು ಇನ್ನೂ ಚಲೋ ಐತಿ ಅಂತ ಹಾಕಿದೆ," ಎಂದ. ಆಮೇಲೆ ಕೇಳಿದ: "ಏನಂದ್ರು?"

"ಉಪ್ಪಿಟ್ಟು ಚಲೋ ಆಗೇತಿ ಅಂದಳು."

ಅವನು ತಲೆಯಾಡಿಸಿದ. ಕೋಟು ಹಾಕಿಕೊಂಡು ನಿಲ್ದಾಣದ ಕಡೆ ನಡೆದ. ಕಿಟಕಿಯಿಂದ ನೋಡಿದೆ. ಹೆಗಲು ಇಳಿದಿರಲಿಲ್ಲ, ಹೋರಿಯ ಗತ್ತಿರಲಿಲ್ಲ. ನಮ್ಮೂರ ಶಾಲೆಯಿಂದ ಮಳೆಯಲ್ಲಿ ಮನೆಗೆ ಬರುತ್ತಿದ್ದ ಹುಡುಗನ ಹಾಗೆ, ಬೇಲಿಗೆ ಮೈ ತಾಗಿಸಿಕೊಂಡು ಹೋಗುತ್ತಿದ್ದ.

ಕೆಳಗೆ ಏನೋ ಖರ್ ಖರ್ ಎನ್ನುತ್ತಿತ್ತು. ಮುಳ್ಳು ಎತ್ತದೆ ಹೋಗಿದ್ದ. ಅಂಥದ್ದು ಅವನು ಎಂದೂ ಮಾಡಿದವನಲ್ಲ. ಗೋಡೆ ಹಿಡಿದು ಇಳಿದೆ. ಅವನ ಹಳೇ ಕುರ್ಚಿ ಯಂತ್ರದ ಮುಂದೆ ಇದ್ದ ಜಾಗದಲ್ಲೇ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಕುರ್ಚಿ. ಹೊಸದು. ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು. ಮುಂದೆ ಕಾಲು ಚಾಚಲು ಒಂದು ಮಣೆ. ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ನೀರು, ಧೂಳು ಬೀಳದ ಹಾಗೆ ಬಟ್ಟಲು ಮುಚ್ಚಿತ್ತು.

ನಾನು ಮುಳ್ಳು ಎತ್ತಿದೆ. ನೀರು ಚೆಲ್ಲಲಿಲ್ಲ. ಮೇಲೆ ಬಂದು ಅವನ ಪಾಲಿನ ಉಪ್ಪಿಟ್ಟು ಬಿಸಿ ಮಾಡಿ ಇಟ್ಟೆ. ಬಂದು ಉಂಡ.

ಮರುದಿನ ಬೆಳಿಗ್ಗೆ ಅವನು ಏಳುವ ಮೊದಲು ಅಡುಗೆಮನೆಯ ಕತ್ತರಿ ತೆಗೆದುಕೊಂಡು ಕೆಳಗಿಳಿದೆ. ಹೊಸ ಕುರ್ಚಿಯ ಪ್ಲಾಸ್ಟಿಕ್ಕನ್ನು ಬೆನ್ನಿನ ಕಡೆಯಿಂದ ಕೊಯ್ದು ಸುಲಿದು ಮೂಲೆಗೆ ಎಸೆದೆ. ಕೂತು ಮಣೆಯ ಮೇಲೆ ಕಾಲು ಚಾಚಿ, ನಿನ್ನೆಯ ನೀರು ಕುಡಿದೆ. ಸದ್ದಿಗೆ ಅವನು ಎದ್ದು ಬಂದು ಮೆಟ್ಟಿಲ ಮೇಲೆ ನಿಂತ. ಸುಲಿದ ಪ್ಲಾಸ್ಟಿಕ್ ನೋಡಿದ, ನನ್ನನ್ನು ನೋಡಿದ.

"ಇವತ್ತು ಶುಕ್ರವಾರ ಅಲ್ಲಕ್ಕಾ," ಎಂದ.

"ಗೊತ್ತೈತಿ. ಕೈ ತೊಳಕೊಂಡು ಬಾ," ಎಂದೆ.